ಪುಟ ನೂರ ನಲವತ್ತಾರರ ನಕ್ಷತ್ರ

ತುತ್ತೂರೀ,

‘ಮಾನ್ಯ ಸಂಸತ್ ಸದಸ್ಯರೇ’ ಎಂದು ಶುರುಮಾಡಿ ಹೊಡೆದುಹಾಕಿದ್ದೇನೆ. ಏಳನೇ ತರಗತಿಯಲ್ಲಿ ಲೆಕ್ಕದ ಮೇಷ್ಟರು ಇಟ್ಟ ಹೆಸರೇ ಇವತ್ತಿಗೂ ಕೈಗೆ ಸಲೀಸು. ನೀನು ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದರೆ ಮೈದಾನದಾಚೆಯ ಕಾವಲುಗಾರ ತಿರುಗಿ ನೋಡುತ್ತಿದ್ದ. ನನಗೆ ಕನ್ನಡಕ ಎಂದು ಹೆಸರಿಟ್ಟವಳು ನೀನು. ಐವತ್ತು ವರ್ಷವಾದರೂ ಎರಡು ಹೆಸರೂ ಸವೆದಿಲ್ಲ. ಸವೆದದ್ದು ಬೇರೆ.

ನಿನ್ನ ಆಪ್ತ ಕಾರ್ಯದರ್ಶಿ ಕಳೆದ ಮಂಗಳವಾರ ಬೆಳಿಗ್ಗೆ ಬಂದಿದ್ದ. ಚಪ್ಪಲಿ ಬಿಡುವ ಮೊದಲೇ ಕರಡಿನ ಕಟ್ಟು ನನ್ನ ಕೈಗಿಟ್ಟ. “ಮೇಡಮ್ ಅವರ ಹದಿನೈದು ವರ್ಷದ ಭಾಷಣಗಳು ಅಮ್ಮಾ. ಮುನ್ನುಡಿ ನಿಮ್ಮಿಂದಾನೇ ಬರೆಸ್ಬೇಕು ಅಂತ ಹಟ ಹಿಡಿದಿದ್ದಾರೆ. ಎರಡೇ ಪುಟ ಸಾಕು. ಶನಿವಾರದೊಳಗೆ ಕೊಟ್ಬಿಟ್ರೆ...”

“ಚುನಾವಣೆಗೆ ಮುಂಚೆ ಬರ್ಬೇಕು ಅಂತಲಾ?” ಎಂದೆ.

“ಅಯ್ಯೋ, ಹಾಗೇನಿಲ್ಲಮ್ಮ. ಅದು ತಾನಾಗೇ ಕೂಡಿಬಂದಿದೆ.”

ಅವನ ಮುಖದಲ್ಲಿ ನಗು ಒಂದಿಷ್ಟೂ ಇರಲಿಲ್ಲ. ಒಳ್ಳೆಯ ಕೆಲಸಗಾರನನ್ನೇ ಇಟ್ಟುಕೊಂಡಿದ್ದೀಯ.

ಪುಸ್ತಕದ ಹೆಸರು ‘ಎದ್ದು ನಿಂತ ಮಾತುಗಳು’. ನಲವತ್ತೊಂದು ಭಾಷಣಗಳು. ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು ನಾನು. ಕೈಗೆ ಕರಡು ಬಂದರೆ ಮೂಲಪ್ರತಿ ಪಕ್ಕದಲ್ಲಿಲ್ಲದೆ ಓದಲಾರೆ. ನಮ್ಮ ಊರಿನ ಗ್ರಂಥಾಲಯದ ಮಹಡಿಯಲ್ಲಿ, ಮೂರನೇ ಕಪಾಟಿನಲ್ಲಿ, ಸಂಸತ್ತಿನ ಕಲಾಪದ ಸಂಪುಟಗಳಿವೆ. ಅವನ್ನು ಮುಟ್ಟುವವಳು ನಾನೊಬ್ಬಳೇ. ಹೊಸ ಸಂಪುಟ ಬಂದಾಗಲೆಲ್ಲ ಗ್ರಂಥಪಾಲಕ ಕಿಟಕಿಯ ಬಳಿಯ ಮೇಜಿನ ಮೇಲಿಟ್ಟು, “ನಿಮ್ಮ ಗೆಳತಿ ಬಂದಿದ್ದಾರೆ, ಮಾತಾಡಿಸಿ” ಎಂದು ತಮಾಷೆ ಮಾಡುತ್ತಾನೆ. ಹದಿನೈದು ವರ್ಷ ನಿನ್ನನ್ನು ಅಲ್ಲೇ ಮಾತಾಡಿಸಿದ್ದೇನೆ. ನಮ್ಮ ಮನೆಗೆ ನೀನು ಬಂದದ್ದು ಎಷ್ಟು ಸಲವೆಂದು ನೀನೇ ಎಣಿಸಿಕೋ, ಬೆರಳು ಮಿಗುತ್ತವೆ.

ಕರಡನ್ನು ಆ ಮೇಜಿಗೆ ಒಯ್ದು ಮೂರು ದಿನ ಕೂತೆ. ನಾನೇನು ಹುಡುಕುತ್ತಿದ್ದೆ ಎಂದು ನಿನಗೆ ಗೊತ್ತು. ನಿನ್ನ ಮತದಾರರಿಗೆ ಗೊತ್ತಿಲ್ಲ, ಅದರ ಮೇಲೇ ಈ ಪುಸ್ತಕ ನಿಂತಿದೆ. ಸದಸ್ಯರು ಎದ್ದು ನಿಂತು ಮಾತಾಡದೆ, ಬೆರಳಚ್ಚು ಮಾಡಿಸಿದ ಹಾಳೆಗಳನ್ನು ಸದನದ ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಹೊರಟರೂ ಕಲಾಪದಲ್ಲಿ ಅದು ಭಾಷಣವೆಂದೇ ಅಚ್ಚಾಗುತ್ತದೆ. ‘ಮಾನ್ಯ ಅಧ್ಯಕ್ಷರೇ’ ಎಂಬುದೂ ಇರುತ್ತದೆ, ‘ಕೈಮುಗಿದು ಕೇಳುತ್ತೇನೆ’ ಎಂಬುದೂ ಇರುತ್ತದೆ. ಆದರೆ ಸಂಪುಟ ಅಚ್ಚುಮಾಡುವವರಿಗೆ ಒಂದಿಷ್ಟು ಮಾನವಿದೆ. ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ ಹಾಕಿ, ಪುಟದ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಈ ಭಾಷಣವನ್ನು ಓದಲಿಲ್ಲ, ಲಿಖಿತವಾಗಿ ಸಲ್ಲಿಸಲಾಯಿತು’ ಎಂದು ಬರೆಯುತ್ತಾರೆ.

ನಿನ್ನ ನಲವತ್ತೊಂದರಲ್ಲಿ ಮೂವತ್ತಮೂರಕ್ಕೆ ಸಂಪುಟದಲ್ಲಿ ನಕ್ಷತ್ರವಿದೆ. ಕರಡಿನಲ್ಲಿ ಒಂದಕ್ಕೂ ಇಲ್ಲ.

ನಿನ್ನ ಆಪ್ತ ಕಾರ್ಯದರ್ಶಿಗೆ ಫೋನು ಮಾಡಿದೆ. “ನಕ್ಷತ್ರಗಳೆಲ್ಲ ಎಲ್ಲಿ ಹೋದ್ವಪ್ಪಾ?”

“ಅದಾ? ಓದೋರ ಕಣ್ಣಿಗೆ ಅಡ್ಡ ಬರುತ್ತೆ ಅಂತ ಪುಟ ಕಟ್ಟೋರು ತೆಗೆದ್ರು. ಮೇಡಮ್ಮೂ ನೋಡಿದ್ದಾರೆ.”

“ನೋಡಿ ಏನಂದ್ರು?”

“ಈಗ ನೀಟಾಗಿದೆ ಅಂದ್ರು.”

ನೀಟಾಗಿದೆ.

ನೀಟಾಗಿಲ್ಲದ ಭಾಷಣವೊಂದಿದೆ, ನೆನಪಿದೆಯಾ? ಮೊದಲನೇ ವರ್ಷದ್ದು. ಪುಸ್ತಕದಲ್ಲಿ ಅದಿಲ್ಲ. ಸಂಪುಟದಲ್ಲಿ ಒಂದೂವರೆ ಪುಟ, ಅರ್ಧಂಬರ್ಧ ವಾಕ್ಯಗಳು, ನಡುನಡುವೆ ಒಂಬತ್ತು ಸಲ ‘ಅಡ್ಡಿ’, ನಾಲ್ಕು ಸಲ ‘ನಗು’. ಕಾರ್ಖಾನೆಗಳ ಸುರಕ್ಷತೆಯ ಚರ್ಚೆ. ಹಿರಿಯನೊಬ್ಬ “ಕೂತ್ಕೊಳಮ್ಮಾ, ಗಂಟಲು ಒಣಗುತ್ತೆ” ಎಂದ. ನೀನು “ನನ್ನ ಗಂಟಲಿನ ಚಿಂತೆ ಬಿಡಿ, ನಿಮ್ಮ ಕಿವಿ ಹೇಗಿದೆ ಹೇಳಿ” ಎಂದೆ. ಅಧ್ಯಕ್ಷರು ಗಂಟೆ ಬಾರಿಸಿದರು, ಮೈಕು ಕಡಿದರು. ಮೈಕು ಕಡಿದ ಮೇಲೆ ಆಡಿದ್ದು ಸಾಮಾನ್ಯವಾಗಿ ಕಲಾಪಕ್ಕೆ ಸೇರುವುದಿಲ್ಲ, ಬರೆದುಕೊಳ್ಳುವವರಿಗೆ ಕೇಳಿಸುವುದೇ ಇಲ್ಲ. ನಿನ್ನದು ಕೇಳಿಸಿತು. ಅದಕ್ಕೇ ಕೊನೆಯ ಸಾಲು ಉಳಿದಿದೆ: “ಶೆಡ್ಡಿನಲ್ಲಿ ಗಾಜು ಉಜ್ಜುವವಳು ಕೆಲಸಗಾರ್ತಿಯಲ್ಲ ಅಂದರೆ ಮತ್ತೇನು?”

ಆ ಸಾಲು ಓದಿದ ದಿನ ಗ್ರಂಥಾಲಯದಲ್ಲಿ ಜೋರಾಗಿ ನಕ್ಕುಬಿಟ್ಟೆ. ಮನೆಗೆ ಓಡಿಬಂದು ಪುಟ್ಟಿಗೆ ಹೇಳಿದೆ. ನನ್ನ ತಂಗಿ ಅಂದು ಪಾಳಿ ಮುಗಿಸಿ ಬಂದು ಇನ್ನೂ ಮುಖ ತೊಳೆದಿರಲಿಲ್ಲ. “ನಮ್ಮ ತುತ್ತೂರಿ ಅಕ್ಕ ಅಲ್ವಾ ಮತ್ತೆ!” ಎಂದು ಕೈ ಕೊಡವಿದಳು, ಧೂಳು ಎದ್ದಿತು.

ಶೆಡ್ಡನ್ನು ನಿನಗೆ ನೆನಪಿಸಬೇಕಾಗಿಲ್ಲ. ನಿನ್ನ ಮೊದಲ ಚುನಾವಣೆಯಲ್ಲಿ ಗಾಜಿನ ಕಾರ್ಖಾನೆಯ ಹಿಂದಿನ ಆ ತಗಡಿನ ಚಾವಣಿಯ ಕೆಳಗೆ, ಮಸೂರ ತುಂಬುವ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಮತ ಕೇಳಿದೆ. ಹೆಂಗಸರು ಕಲ್ಲಿನ ಚಕ್ರಕ್ಕೆ ಗಾಜಿನ ಅಂಚು ಹಿಡಿದು ಉಜ್ಜುತ್ತಿದ್ದರು. ನಲ್ಲಿಯಲ್ಲಿ ನೀರು ಬಂದ ದಿನ ಒದ್ದೆ, ಬಾರದ ದಿನ ಒಣ. ಒಣ ಉಜ್ಜಿದ ದಿನ ಎಲ್ಲರ ಹುಬ್ಬೂ ಬೆಳ್ಳಗೆ. ಕಾರ್ಖಾನೆಯ ಗಂಡಸರಿಗೆ ನಂಬರಿನ ಬಿಲ್ಲೆಯಿತ್ತು. ಶೆಡ್ಡಿನವರು ಗುತ್ತಿಗೆಯವರು, ಅವರ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ. ಶ್ವಾಸಕೋಶದ ಕಾಯಿಲೆಯ ಕಾನೂನು ಹಾಜರಿ ಪುಸ್ತಕದಲ್ಲಿದ್ದವರಿಗೆ ಮಾತ್ರ. ಇದನ್ನು ತಪ್ಪು ಎಂದು ಒಬ್ಬ ಮಂತ್ರಿ ಸದನದಲ್ಲಿ ಬಾಯಿಬಿಟ್ಟು ಒಪ್ಪಿಕೊಂಡರೆ ಸಾಕಿತ್ತು, ಉಳಿದದ್ದನ್ನು ನ್ಯಾಯಾಲಯದಲ್ಲಿ ನೋಡಿಕೊಳ್ಳುತ್ತೇವೆ ಎಂದು ನಮ್ಮ ವಕೀಲರು ಹೇಳಿದ್ದರು.

ಏಳು ವರ್ಷದ ಹಿಂದೆ ಆ ಅವಕಾಶ ಬಂತು. ಮಂತ್ರಿ ನಿಂತು ಬಾಯಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ನಿನ್ನದು ಮೂರನೆಯದಾಗಿ ಬಂತು. ನೀನೇ ಫೋನು ಮಾಡಿ ಕಿರುಚಿದೆ: “ಕನ್ನಡಕಾ, ಬಂತು ಕಣೇ! ಪುಟ್ಟೀನ ಕರ್ಕೊಂಡು ಬಾ. ಅವಳ ಕಣ್ಮುಂದೇನೇ ಮಂತ್ರಿ ಬಾಯಿ ಬಿಡಿಸ್ತೀನಿ.”

ಹದಿನಾಲ್ಕು ಗಂಟೆ ರೈಲಿನಲ್ಲಿ ಕೂತು ಬಂದೆವು. ವೀಕ್ಷಕರ ಗ್ಯಾಲರಿಯ ಬಾಗಿಲಲ್ಲಿ ಸಿಬ್ಬಂದಿಯೊಬ್ಬ ನಿಯಮಗಳನ್ನು ಒಪ್ಪಿಸಿದ. ಮಾತಾಡುವಂತಿಲ್ಲ, ಕಂಬಿಗೆ ಒರಗುವಂತಿಲ್ಲ, ಕೈ ಮೇಲೆತ್ತುವಂತಿಲ್ಲ. ಪುಟ್ಟಿ ಕೇಳಿದಳು, “ಕೆಮ್ಮಬಹುದಾ ಅಣ್ಣ?” ಅವನು ಅವಳ ಮುಖ ನೋಡಿ, “ಆದಷ್ಟು ತಡ್ಕೊಳಮ್ಮ” ಎಂದ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಅಧ್ಯಕ್ಷರು ನಿನ್ನ ಹೆಸರು ಕರೆದರು. ಇನ್ನೊಮ್ಮೆ ಕರೆದರು. ನಾಲ್ಕನೇ ಸಾಲಿನ ನಿನ್ನ ಮೇಜಿನ ಮೇಲೆ ನೀರಿನ ಲೋಟವಿತ್ತು, ಮುಚ್ಚದ ಪೆನ್ನಿತ್ತು. “ಸದಸ್ಯರು ಹಾಜರಿಲ್ಲ. ಮುಂದಿನ ಪ್ರಶ್ನೆ.” ಹಾಳೆ ಹಿಡಿದು ಅರ್ಧ ಎದ್ದಿದ್ದ ಮಂತ್ರಿ ಹಾಗೇ ಕೂತ. ಮನುಷ್ಯನ ಬೆನ್ನು ಅಷ್ಟು ನಿರಾಳವಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಮುಂದಿನ ಪ್ರಶ್ನೆ ಬಂದರಿನ ದೀಪಸ್ತಂಭಕ್ಕೆ ಬಣ್ಣ ಹೊಡೆಸುವ ಬಗ್ಗೆ.

ಪುಟ್ಟಿ ನನ್ನ ಕಿವಿಗೆ ಬಾಯಿಟ್ಟಳು: “ಕಕ್ಕಸಿಗೆ ಹೋಗಿರ್ತಾಳೆ ಕಣಕ್ಕ. ಗಾಬರಿಯಾದ್ರೆ ನಂಗೂ ಹಂಗೇ. ಬರ್ತಾಳೆ ನೋಡು.” ನಮ್ಮ ಪಾಸು ಒಂದೇ ಗಂಟೆಯದು. ಆ ಗಂಟೆ ಮುಗಿಯುವವರೆಗೂ ಅವಳು ನಿನ್ನ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ. ಮೂರು ಗಂಟೆಯ ರೈಲಿಗೆ ನಾನೇ ಎಳೆದುಕೊಂಡು ಹೋದೆ.

ನಾಲ್ಕು ದಿನ ಬಿಟ್ಟು ನಿನ್ನ ಫೋನು. ಪಕ್ಷದ ಸಚೇತಕ ಕಾರಿಡಾರಿನಲ್ಲಿ ತಡೆದು, “ಒಂದು ಕಾಫಿ ಕುಡಿಯೋಣ ಬಾಮ್ಮಾ” ಎಂದನಂತೆ. ಕಾಫಿ ಆರುವ ಹೊತ್ತಿಗೆ ಎರಡು ವಿಷಯ ಹೇಳಿದನಂತೆ. ಕಾರ್ಖಾನೆಯ ಮಾಲೀಕರು ನಾಯಕರಿಗೆ ಎಷ್ಟು ಬೇಕಾದವರು ಎಂಬುದು ಒಂದು, ಮುಂದಿನ ಸಲ ಟಿಕೆಟ್ಟಿಗೆ ಎಷ್ಟು ಜನ ಕಾದಿದ್ದಾರೆ ಎಂಬುದು ಇನ್ನೊಂದು. “ಅಲ್ಲಿ ಹೆಂಗಸು ಉಳ್ಕೊಳ್ಳೋದೇ ಒಂದು ಯುದ್ಧ ಕಣೇ. ನಾನು ಉಳಿದ್ರೆ ತಾನೆ ನಾಳೆ ಮಾತಾಡೋದು?” ಎಂದೆ ನೀನು. ಅದು ಸುಳ್ಳಲ್ಲ. ಅವರು ನಿನಗೆ ಅಂದದ್ದನ್ನೆಲ್ಲ ನಾನು ಅಚ್ಚಿನಲ್ಲಿ ಓದಿದ್ದೇನೆ, ಅಚ್ಚಾಗದ್ದನ್ನು ಊಹಿಸಬಲ್ಲೆ. ನಿನ್ನ ಸಾಲಿನಲ್ಲೇ ಹದಿನೈದು ವರ್ಷ ಕಣ್ಣುಮುಚ್ಚಿ ಕೂತ ಗಂಡಸರ ಭಾಷಣಗಳನ್ನು ಯಾರೂ ಹೀಗೆ ತೂಗಿ ನೋಡುವುದಿಲ್ಲ. ಅದೂ ಅನ್ಯಾಯವೇ. ಆದರೆ ಅವರಿಂದ ನಾನು ಏನನ್ನೂ ಬಯಸಿರಲಿಲ್ಲ. ನೀನು ಉಳಿದುಕೊಂಡೆ. ಮೂರನೇ ಸಲವೂ ಗೆದ್ದು ಉಳಿದೆ. ಆ ನಾಳೆ ಯಾವ ವಾರದಲ್ಲಿ ಬರುತ್ತದೆ ಎಂದು ಮಾತ್ರ ಹೇಳಲಿಲ್ಲ.

ಈಗ ನಿನ್ನ ಕರಡಿನ ಪುಟ ನೂರ ನಲವತ್ತಾರು. ಅದೇ ದಿನದ ಸಂಜೆಯದು. ನಾವು ರೈಲಿನಲ್ಲಿದ್ದಾಗ ನೀನು ಬೇರೊಂದು ಮಸೂದೆಯ ಚರ್ಚೆಯಲ್ಲಿ ಹಾಳೆಗಳನ್ನು ಮೇಜಿನ ಮೇಲಿಟ್ಟು ಬಂದದ್ದು. ನೀನು ಬರೆದದ್ದರಲ್ಲೆಲ್ಲ ಒಳ್ಳೆಯದು ಅದೇ, ಅದನ್ನು ಹೇಳದಿದ್ದರೆ ನಾನು ಓದಿದ್ದೇ ದಂಡ. ‘ಪಾಳಿ ಮುಗಿಸಿ ಹೊರಬರುವಾಗ ಅವರ ಹುಬ್ಬುಗಳು ಮಾತ್ರ ಮುದುಕಿಯರವು’ ಎಂಬ ಸಾಲನ್ನು ನಾನೂ ಬರೆಯಲಾರೆ. ಗಟ್ಟಿಯಾಗಿ ಓದಿದರೆ ಹನ್ನೊಂದು ನಿಮಿಷ ಹಿಡಿಯುತ್ತದೆ. ನನಗೆ ಹೇಗೆ ಗೊತ್ತು ಎಂದರೆ, ಗಟ್ಟಿಯಾಗಿ ಓದಿದ್ದೇನೆ.

ಆ ಸಂಪುಟ ಬಂದಾಗ ಪುಟ್ಟಿ ಎದೆರೋಗದ ವಾರ್ಡಿನಲ್ಲಿದ್ದಳು. ಆ ಪುಟಗಳ ನೆರಳಚ್ಚು ತೆಗೆಸಿಕೊಂಡು ಹೋದೆ. ಮಧ್ಯಾಹ್ನ, ಕಿಟಕಿಯ ಪಕ್ಕದ ಮಂಚ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಇದನ್ನ ಅಷ್ಟು ಜನರ ಮುಂದೆ ಹೇಳಿದ್ಲಾ ಅಕ್ಕಾ?”

“ಹೂಂ.”

“ಮಂತ್ರಿ ಏನ್ಮಾಡ್ದ?”

“ತಲೆ ತಗ್ಗಿಸಿ ಕೂತಿದ್ದನಂತೆ.”

“ನೋಡ್ದ್ಯಾ? ಬರ್ತಾಳೆ ಅಂದಿರ್ಲಿಲ್ವಾ ನಾನು? ನೀನೇ ರೈಲು ರೈಲು ಅಂತ ಪ್ರಾಣ ತಿಂದೆ.” ಆಮೇಲೆ ಹಾಳೆಯನ್ನು ಕಿತ್ತುಕೊಂಡು ಪಕ್ಕದ ಮಂಚದವಳಿಗೆ ತೋರಿಸಿದಳು. ಮರುದಿನದ ಹೊತ್ತಿಗೆ ಇಡೀ ವಾರ್ಡಿಗೆ ಗೊತ್ತಾಗಿತ್ತು, ಸಂಸತ್ತಿನಲ್ಲಿ ಪುಟ್ಟಿಯ ಹುಬ್ಬಿನ ಬಗ್ಗೆ ಮಾತಾಗಿದೆ ಎಂದು. ನರ್ಸಮ್ಮ ಅವಳನ್ನು ‘ಹುಬ್ಬಿನ ರಾಣಿ’ ಎಂದು ಕರೆಯತೊಡಗಿದಳು. ಹನ್ನೆರಡು ದಿನ ರಾಣಿಯಾಗಿದ್ದು ಹೋದಳು. ಮರಣಪತ್ರದಲ್ಲಿ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ಬರೆದುಕೊಟ್ಟರು. ಮದುವೆಯಾಗದವಳು, ಇಪ್ಪತ್ತೆರಡು ವರ್ಷ ಗಾಜು ಉಜ್ಜಿದವಳು.

ಆ ಹಾಳೆಯ ಕೆಳಗಿನ ಅಂಚನ್ನು ನಾನು ಹಿಂದಕ್ಕೆ ಮಡಿಚಿದ್ದೆ. ಹೆಸರಿನ ಪಕ್ಕದ ನಕ್ಷತ್ರದ ಮೇಲೆ ಹೆಬ್ಬೆರಳಿಟ್ಟು ಓದಿದ್ದೆ, ಅವಳು ಕಿತ್ತುಕೊಂಡಾಗಲೂ ಅದು ಅವಳ ಕಣ್ಣಿಗೆ ಬೀಳಲಿಲ್ಲ. ನಿನ್ನ ಪುಸ್ತಕದ ಪುಟ ಕಟ್ಟಿದವರಿಗಿಂತ ಏಳು ವರ್ಷ ಮೊದಲೇ ಆ ನಕ್ಷತ್ರವನ್ನು ಅಳಿಸಿದವಳು ನಾನು, ತುತ್ತೂರಿ. ಮೂವತ್ತೊಂದು ವರ್ಷದ ಕೆಲಸದಲ್ಲಿ ಗೊತ್ತಿದ್ದೂ ಬಿಟ್ಟ ತಪ್ಪು ಅದೊಂದೇ. ಹಾಗಾಗಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೇ ಎಂದು ಎರಡು ದಿನ ಯೋಚಿಸಿದೆ. ಇದೆ ಎಂದೇ ತೀರ್ಮಾನಿಸಿದೆ. ನಾನು ಸಾಯುತ್ತಿದ್ದ ಒಬ್ಬಳಿಗಾಗಿ ಮಡಿಚಿದೆ. ನೀನು ಬದುಕಿ ಕೆಮ್ಮುತ್ತಿರುವವರ ಮತಕ್ಕಾಗಿ ಮಡಿಚುತ್ತಿದ್ದೀಯ.

ಮುನ್ನುಡಿ ಬರೆಯುವುದಿಲ್ಲ. ಕರಡನ್ನು ಇದರ ಜೊತೆ ಹಿಂದಿರುಗಿಸುತ್ತಿದ್ದೇನೆ. ಮೂವತ್ತಮೂರು ನಕ್ಷತ್ರಗಳನ್ನೂ ಕೆಂಪು ಪೆನ್ಸಿಲ್ಲಿನಲ್ಲಿ ಅದರದರ ಜಾಗಕ್ಕೆ ಸೇರಿಸಿದ್ದೇನೆ, ಕೆಳಗಿನ ಸಾಲನ್ನೂ. ಮೊದಲನೇ ವರ್ಷದ ಆ ಒಂದೂವರೆ ಪುಟವನ್ನು ನಕಲು ಮಾಡಿ ಎಲ್ಲಕ್ಕಿಂತ ಮುಂದೆ ಅಂಟಿಸಿದ್ದೇನೆ, ಅಡ್ಡಿ, ನಗು ಎಲ್ಲ ಸೇರಿಸಿ. ನೀನು ಇದನ್ನೆಲ್ಲ ಕಿತ್ತುಹಾಕಿಸುತ್ತೀಯ ಎಂದೂ ಬಲ್ಲೆ.

ಆದರೂ ಒಂದು ಮಾತು. ಈ ಸದನದ ಕೊನೆಯ ಅಧಿವೇಶನಕ್ಕೆ ಇನ್ನು ಹತ್ತೊಂಬತ್ತು ದಿನವಿದೆ. ಶೆಡ್ಡಿನಲ್ಲಿ ಇವತ್ತಿಗೂ ಅರವತ್ತು ಚಿಲ್ಲರೆ ಹೆಂಗಸರಿದ್ದಾರೆ, ಹಾಜರಿ ಪುಸ್ತಕದಲ್ಲಿ ಒಬ್ಬಳೂ ಇಲ್ಲ. ಪುಟ ನೂರ ನಲವತ್ತಾರನ್ನು ತೆಗೆದುಕೊಂಡು ಎದ್ದು ನಿಂತು ಓದು. ಮಂತ್ರಿ ಅಲ್ಲೇ ಕೂತಿರುತ್ತಾನೆ, ಉತ್ತರ ಕೊಡಲಿ. ಮೈಕು ಕಡಿಯುತ್ತಾರೆ, ಕಡಿಯಲಿ. ನಿನಗೆ ಯಾವತ್ತು ಮೈಕು ಬೇಕಿತ್ತು? ಓದಿದ ದಿನ ಆ ಒಂದು ನಕ್ಷತ್ರವನ್ನು ನನ್ನ ಕೈಯಾರೆ ಅಳಿಸುತ್ತೇನೆ. ಉಳಿದ ಮೂವತ್ತೆರಡು ನಿನಗೇ ಇರಲಿ.

ನೀನು ಓದುತ್ತೀಯ ಎಂಬ ನಂಬಿಕೆ ನನಗಿಲ್ಲ. ಪಾಸುಗಳನ್ನು ಮಾತ್ರ ತೆಗೆದಿಟ್ಟಿದ್ದೇನೆ, ಬೇರೆ ಸದಸ್ಯರೊಬ್ಬರ ಸಹಿಯಲ್ಲಿ. ಶೆಡ್ಡಿನ ನಾಲ್ವರನ್ನು ಕರೆತರುತ್ತೇನೆ. ನಾಲ್ವರೂ ಕೆಮ್ಮುವವರೇ. ಗ್ಯಾಲರಿಯಲ್ಲಿ ಯಾರು ಏನೇ ಹೇಳಲಿ, ತಡೆದುಕೊಳ್ಳಬೇಡಿ ಎಂದು ಹೇಳಿಟ್ಟಿದ್ದೇನೆ.

ನಿನ್ನ ಗಂಟಲು ಆ ದಿನದವರೆಗಾದರೂ ಚೆನ್ನಾಗಿರಲಿ.

ಇಂತು, ಮೇಲಿನಿಂದ ನಿನ್ನ ಕುರ್ಚಿಯನ್ನೇ ನೋಡುತ್ತಿರುವ,
ಕನ್ನಡಕ