ಬಾಲವಿಲ್ಲದ ಗುಂಪು

ಬಾಲಕ್ಕ,

ಈ ಕಾಗದವನ್ನು ನಾನು ಕಳಿಸುವವಳಲ್ಲ, ಅದಕ್ಕೇ ಬಾಯ್ತುಂಬ ಬೈಯುತ್ತೇನೆ. ನೀನಿಲ್ಲದೆಯೇ ನಮ್ಮ ಚಾರಣದ ಗುಂಪು ಜ್ವಾಲಾಮುಖಿ ದ್ವೀಪಕ್ಕೆ ಹೋಗಿ ನಿನ್ನೆ ವಾಪಸಾಯಿತು.

ಅದೂ ಒಂದು ಬೆಟ್ಟವೇ! ಎಲ್ಲಿ ನೋಡಿದರೂ ಕರಿ ಬೂದಿ. ಒಂದು ಹೆಜ್ಜೆ ಹತ್ತಿದರೆ ಅರ್ಧ ಹೆಜ್ಜೆ ಜಾರುತ್ತದೆ. ಎಂದಿನಂತೆ ನಾನೇ ಮುಂದಿದ್ದೆ. ತುದಿ ಮುಟ್ಟಿ ತಿರುಗಿದರೆ ನಮ್ಮ ಹಲ್ಲಿನ ಡಾಕ್ಟರೇ ಇಲ್ಲ! ಮಂಜು ಬೇರೆ ಕವಿಯಿತು. ಕೂಗಿ ಕೂಗಿ ಗಂಟಲು ಕಟ್ಟಿತು. ಕೆಳಗಿಳಿದು ಹುಡುಕಿದರೆ, ಮಹಾಶಯರು ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತು ನಿಧಾನವಾಗಿ ಬೂಟಿನೊಳಗಿನ ಬೂದಿ ಕೊಡವುತ್ತಿದ್ದಾರೆ.

"ಒಂದು ಮಾತು ಹೇಳಿ ಕೂರೋಕಾಗಲ್ವಾ?" ಎಂದು ರೇಗಿದೆ.

"ಹಿಂದೆ ಬಾಲಕ್ಕ ಬರ್ತಿರ್ತಾಳಲ್ಲ ಅಂತ ಕೂತೆ" ಎಂದವರು ನಾಲಿಗೆ ಕಚ್ಚಿಕೊಂಡರು.

ನೋಡು, ನೀನು ಗುಂಪು ಬಿಟ್ಟು ವರ್ಷವಾದರೂ ನಿನ್ನದೇ ಕಾಟ. ಎಲ್ಲರ ಹಿಂದೆ ನಡೆದು, ಉಳಿದುಹೋದವರನ್ನು ಕರೆತರುತ್ತೀಯೆಂದು ಆ ಹೆಸರಿಟ್ಟವಳೇ ನಾನು. "ಬಾಲ ಇಲ್ದಿದ್ರೂ ಹಸು ನಡೆಯುತ್ತೆ" ಅಂದದ್ದೂ ತಮಾಷೆಗೇ ಕಣೇ! ಎಲ್ಲರೂ ನಕ್ಕರಲ್ಲ? ಅಷ್ಟಕ್ಕೇ ಮುಖ ಊದಿಸಿಕೊಂಡು ಹೋಗಿಬಿಡುವುದೇ?

ಇಳಿಯುವಾಗ ಕೊನೆಯಲ್ಲಿ ಬರಲು ಯಾರೂ ಒಪ್ಪಲಿಲ್ಲ. ಹಲ್ಲು ಕಚ್ಚಿಕೊಂಡು ನಾನೇ ನಿಂತೆ. ಅಲ್ಲಿಂದ ಬರೀ ಬೆನ್ನುಗಳು ಕಾಣುತ್ತವೆ. ಕಾಲು ಜಾರಿ ಕೂತೆ, ಎದ್ದೆ. ದೋಣಿ ಹತ್ತುವವರೆಗೂ ಒಬ್ಬರಾದರೂ ತಿರುಗಿ ನೋಡಲಿಲ್ಲ.

ಅಷ್ಟು ಬೆಟ್ಟ ಹತ್ತಿದೆವು, ಇದನ್ನು ನೀನು ಒಂದು ದಿನವೂ ಹೇಳಲಿಲ್ಲವಲ್ಲೇ.