ಬಿಟ್ಟಿ ಸೀಡಿಗೆ ಒಂದು ಡಬ್ಬಿ ಶೇಂಗಾ ಪುಡಿ

ಪ್ರೀತಿಯ ಅತ್ತೆ,

ನೀನು ನನ್ನಪ್ಪನ ಅಕ್ಕ. ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ನಿನ್ನನ್ನು ‘ನೀನು’ ಎಂದೇ ಕರೆದವಳು ನಾನು. ಸೊಸೆಯಾಗಿ ನಿನ್ನ ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ, ಈಗ ಕಾಗದದಲ್ಲಿ ಯಾಕೆ ಬಿಡಲಿ? ನೀನು ಹೋಗಿ ಮೂರು ವರ್ಷವಾಯಿತು. ನಿನಗೆ ಹೇಳಬೇಕಾದ ಎರಡು ತಪ್ಪುಗಳು ಉಳಿದಿವೆ. ಒಂದು ನೀನಿದ್ದಾಗ ಮಾಡಿದ್ದು, ಇನ್ನೊಂದು ಹೋದ ತಿಂಗಳು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಕೊಟ್ಟೂರಿನ ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ನೆನಪಿದೆಯಾ? ಹರಪನಹಳ್ಳಿಯಲ್ಲಿ ಮುಚ್ಚಿಹೋದ ಯಾವುದೋ ಸೆಂಟರಿನ ಹಳೆಯ ಮಾಲು. ನಿನ್ನ ಮಗ ಅದನ್ನು ಮೆಕ್ಕೆಜೋಳದ ಲಾರಿಯಲ್ಲಿ ಚೀಲಗಳ ನಡುವೆ ಕೂರಿಸಿ ತಂದಿದ್ದ. ಜೋಡಿಸಲು ಬಂದ ಮೆಕ್ಯಾನಿಕ್ಕು ಒಳಗಿದ್ದದ್ದನ್ನೆಲ್ಲ ಅಳಿಸಿ, “ಹೊಸಾ ಪ್ರೋಗ್ರಾಮ್ ಎಲ್ಲಾ ಹಾಕಿ ಕೊಡ್ತೀನಿ, ಕಾಪಿ ಅದಾವು” ಅಂದ. ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ನೀನು ತಲೆ ಎತ್ತಿದೆ.

“ಕಾಪಿ ಅಂದ್ರ? ಕದ್ದಿದ್ದೇನಪಾ?”

“ಹಂಗೇನಿಲ್ಲ ಬಿಡ್ರೀ ಅಮ್ಮಾ. ಎಲ್ರೂ ಮಾಡ್ತಾರ.”

“ಎಲ್ರೂ ಕದ್ರ ಕಳ್ಳತನ ಯಾಪಾರ ಆಕೈತೇನು? ನಮ್ಮನಿಯಾಗ ಬ್ಯಾಡ.”

ಆತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ನಾಚಿಕೆಯಿಂದ ಸಾಯುವುದೊಂದು ಬಾಕಿ. ಕೊನೆಗೆ ಆತ ಚೀಲ ತಡಕಾಡಿ ಪೆಂಗ್ವಿನ್ ಹಕ್ಕಿಯ ಚಿತ್ರವಿದ್ದ ಸೀಡಿ ತೆಗೆದ. ಕಂಪ್ಯೂಟರಿಗೆ ಬೇಕಾದ ಪ್ರೋಗ್ರಾಮೆಲ್ಲ ಅದರಲ್ಲೇ ಇದೆಯಂತೆ, ಯಾವುದೋ ಪತ್ರಿಕೆಯ ಜೊತೆ ಬಂದದ್ದಂತೆ. “ಇದು ಬಿಟ್ಟಿ ಐತ್ರಿ, ಕದ್ದಿದ್ದಲ್ಲ. ನಡೀತೈತೋ ಇಲ್ಲೋ ದೇವರೇ ಬಲ್ಲ” ಎಂದು ಹಾಕಿ ಹೋದ.

ನಡೆಯಿತು. ನಾನು ಪಾಠ ಮಾಡುವ ಶಾಲೆಯ ಅಂಕಪಟ್ಟಿ ಬರೆಯಲು ಅದರಲ್ಲಿ ಓಪನ್ ಆಫೀಸ್ ಸಿಕ್ಕಿತು. ನನ್ನ ತಂಗಿಯ ಮದುವೆಯ ಸೀಡಿ ಓಣಿಯ ಯಾರ ಮನೆಯ ಪ್ಲೇಯರಿನಲ್ಲೂ ಮಾಂಗಲ್ಯದ ತನಕ ಓಡಿರಲಿಲ್ಲ. ಈ ಕಂಪ್ಯೂಟರಿನಲ್ಲಿ ವಿಡಿಯೊ ತೋರಿಸುವ ವಿಎಲ್‌ಸಿಯಲ್ಲಿ ಊಟದ ತನಕ ಓಡಿತು. ಅದರ ಗುರುತು ರಸ್ತೆ ಕೆಲಸದವರು ಇಡುವ ಕೇಸರಿ–ಬಿಳಿ ಶಂಕು. ನೀನು ಅದಕ್ಕೆ “ಜೋಕರ್ ಟೊಪಿಗಿ” ಎಂದು ಹೆಸರಿಟ್ಟೆ. “ಟೊಪಿಗಿ ಹಾಕು” ಎಂದು ನನ್ನನ್ನು ಎಬ್ಬಿಸಿ, ಹೋಳಿಗೆಗೆ ತುಪ್ಪ ಸಾಲದೆಂದು ನೀನು ಬಡಿಸುವವರನ್ನು ತರಾಟೆಗೆ ತೆಗೆದುಕೊಂಡ ಭಾಗವನ್ನೇ ಮತ್ತೆ ಮತ್ತೆ ನೋಡುತ್ತಿದ್ದೆಯಲ್ಲ! ಮದುಮಕ್ಕಳ ಮುಖ ನಿನಗೆ ಬೇಕಿರಲಿಲ್ಲ.

ಮಾವನ ಫೋಟೊದ್ದು ಇನ್ನೊಂದು ಕಥೆ. ಇದ್ದದ್ದು ಒಂದೇ ಫೋಟೊ, ಅದಕ್ಕೂ ಕಲೆ ಹಿಡಿದಿತ್ತು. ಸ್ಕ್ಯಾನ್ ಮಾಡಿಸಿ ತಂದು, ಚಿತ್ರ ತಿದ್ದುವ ಗಿಂಪ್‌ನಲ್ಲಿ ಕೂತು ಒಂದೊಂದೇ ಚುಕ್ಕೆ ಅಳಿಸಿದೆ. ನಾಲ್ಕು ಭಾನುವಾರ ಹಿಡಿಯಿತು. ನೀನು ಶಾಬಾಸ್ ಅನ್ನುತ್ತೀಯ ಎಂದು ಕಾದರೆ, ಕನ್ನಡಕ ಏರಿಸಿ ನೋಡಿ, “ಮೂಗಿನ ಮ್ಯಾಗಿನ ಗಾಯ ಎಲ್ಲಿ ಹೋತು? ಇವರು ಯಾರೋ ಬ್ಯಾರೆ” ಅಂದೆ. ನಾನು ಅದನ್ನೂ ಕಲೆ ಎಂದುಕೊಂಡಿದ್ದೆ. ಗಾಯವನ್ನು ಮತ್ತೆ ಕೂರಿಸಿ ಕೊಟ್ಟಾಗ ನೀನು ಸೆರಗಿನಿಂದ ಪರದೆ ಒರೆಸಿದೆ.

ಅವತ್ತೇ ಇರಬೇಕು ನೀನು ಕೇಳಿದ್ದು. “ಇಷ್ಟೆಲ್ಲಾ ಬಿಟ್ಟಿ ಕೊಡಾಕ ಅವರಿಗೇನು ಹುಚ್ಚೇನು?” ನನಗೆ ಗೊತ್ತಿದ್ದಷ್ಟು ಹೇಳಿದೆ. ಇದನ್ನು ಮಾಡಿದವರು ಒಂದೇ ಊರಿನವರಲ್ಲ, ಒಬ್ಬರನ್ನೊಬ್ಬರು ಕಂಡೂ ಇರಲಿಕ್ಕಿಲ್ಲ. ಬರೀ ಕೊಡುವುದಲ್ಲ, ಮಾಡುವ ಬಗೆಯನ್ನೂ ಬರೆದು ಕೊಡುತ್ತಾರೆ. ಬೇಕಾದವರು ತಿದ್ದಿ ಇನ್ನೊಬ್ಬರಿಗೆ ಕೊಡಬಹುದು.

“ಮಾಡೋ ಬಗಿನೂ ಕೊಟ್ಟಬಿಟ್ರ ಆಮ್ಯಾಲೆ ಅವರನ್ನ ಯಾರು ಕೇಳ್ತಾರ?” ಎಂದೆ ನೀನು. ನಿಜವಾಗಿ ಕಳವಳಪಟ್ಟೇ ಕೇಳಿದೆ. ಪಡದೆ ಇರುತ್ತೀಯಾ? ಶೇಂಗಾ ಪುಡಿ ಕುಟ್ಟುವಾಗ ಹಿತ್ತಲ ಬಾಗಿಲಿಗೆ ಅಗಳಿ ಹಾಕುತ್ತಿದ್ದವಳು ನೀನು! ಓಣಿಯ ಹೆಂಗಸರು ಎಷ್ಟು ಪೂಸಿ ಹೊಡೆದರೂ “ಶೇಂಗಾ, ಖಾರ, ಉಪ್ಪು, ಇನ್ನೇನವ್ವಾ” ಎಂದು ಸಾಗಹಾಕುತ್ತಿದ್ದೆ.

ಆದರೆ ನಿನಗೆ ಇನ್ನೊಂದು ಚಿಂತೆ ಹತ್ತಿತು. ನಮ್ಮಲ್ಲಿ ಯಾರದೇ ಮನೆಯ ಬಟ್ಟಲು ಬಂದರೂ ಖಾಲಿ ತಿರುಗಿಸುವ ಪದ್ಧತಿಯಿಲ್ಲ. ಒಂದು ಚೂರು ಬೆಲ್ಲವಾದರೂ ಹಾಕಬೇಕು. “ಅವರು ಇಷ್ಟು ಕೊಟ್ಟಾರ, ನೀ ಏನು ಕೊಟ್ಟಿ?” ಎಂದು ಬೆನ್ನು ಬಿದ್ದೆ. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಮೇಜಿನ ಮೇಲೆ ಶೇಂಗಾ ಪುಡಿಯ ಡಬ್ಬಿ, ಬಾಯಿಗೆ ಬಟ್ಟೆ ಕಟ್ಟಿ ಹೊಲಿದದ್ದು. “ಅವರಿಗೆ ಕಳಸು.” ಯಾರಿಗೆ ಅತ್ತೆ? ಯಾವ ವಿಳಾಸಕ್ಕೆ? ಹೇಳಲು ಹೋದೆ, ನಿನ್ನ ಮುಖ ನೋಡಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮೊದಲನೇ ತಪ್ಪು ಇದು. ಡಬ್ಬಿ ಅಂಚೆ ಕಚೇರಿಗೆ ಹೋಗಲಿಲ್ಲ. ನಿನ್ನ ಮಗನ ಮೋಟಾರ್ ರಿಪೇರಿ ಅಂಗಡಿಗೆ ಹೋಯಿತು. ನಾವಿಬ್ಬರೂ ವಾರವಿಡೀ ಮಂಡಕ್ಕಿಗೆ ಕಲಸಿ ತಿಂದೆವು.

“ಮುಟ್ಟಿತಂತೇನು?” ಎಂದು ನೀನು ದಿನಾ ಕೇಳುತ್ತಿದ್ದೆ.

“ಮುಟ್ಟೇತಿ ಅತ್ತಿ. ಭಾಳ ಚಲೋ ಐತಿ ಅಂತ ಬರದಾರ.”

ಆ ಮಾತು ಬಾಯಿಂದ ಹೇಗೆ ಬಂತೋ! ನೀನು ಮರುದಿನವೇ ನಳದ ಹತ್ತಿರ ನಿಂತು, ಪರದೇಶದವರು ನನ್ನ ಪುಡಿ ತಿಂದಾರ ಎಂದು ಓಣಿಗೆಲ್ಲ ಸಾರಿದೆ. ನನ್ನ ಕೊಡ ತುಂಬಿ ಹರಿಯುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಅವತ್ತೇ ಹೇಳಿಬಿಡಬೇಕಿತ್ತು. ಆದರೆ ನೀನು ಅಷ್ಟು ಖುಷಿಯಲ್ಲಿದ್ದೆ…

ಕೊನೆಯ ದಿನಗಳಲ್ಲಿ ಒಮ್ಮೆ ನನ್ನನ್ನು ಹತ್ತಿರ ಕರೆದೆ. ಒಡವೆ ವಿಷಯವೇನೋ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ನೀನು ಹೇಳಿದ್ದು ಪುಡಿಯ ಗುಟ್ಟು. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಡಬೇಕು, ಕರಿಬೇವನ್ನು ನೆರಳಲ್ಲೇ ಒಣಗಿಸಬೇಕು, ಕಡೆಗೆ ಒಂದು ಹಿಡಿ ಪುಟಾಣಿ ಕಡಲೆ. “ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ಕೈ ಹಿಡಿದುಕೊಂಡೆ. ಬಿಡುವುದಿಲ್ಲ ಅಂದೆ.

ಹೋದ ತಿಂಗಳು ಹರಪನಹಳ್ಳಿಯಲ್ಲಿ ನಮಗೆ, ಶಿಕ್ಷಕರಿಗೆ, ಎರಡು ದಿನದ ಕಂಪ್ಯೂಟರ್ ತರಬೇತಿ ಇತ್ತು. ಕಲಿಸಲು ಬಂದವಳು ಮಂಡ್ಯ ಕಡೆಯ ಹುಡುಗಿ, ಇಪ್ಪತ್ತೈದು ಇರಬಹುದು. ಮಕ್ಕಳು ಚಿತ್ರ ಬರೆಯುವ ಒಂದು ಬಿಟ್ಟಿ ತಂತ್ರಾಂಶ ತೋರಿಸುತ್ತಾ, “ಇದರಲ್ಲಿ ಎರಡು ತಪ್ಪು ಇದ್ದವು, ನಾನೇ ತಿದ್ದಿ ಕಳಿಸಿದೆ” ಅಂದಳು. ಅವರಲ್ಲಿ ಒಬ್ಬಳು! ನನ್ನ ಕಣ್ಣೆದುರಿಗೆ, ಸೀಮೆಸುಣ್ಣ ಹಿಡಿದು ನಿಂತಿದ್ದಾಳೆ! ಅವತ್ತು ಸಂಜೆಯ ಬಸ್ಸಿಗೆ ಕೊಟ್ಟೂರಿಗೆ ಬಂದವಳೇ, ಒಣಗಿಸಿಟ್ಟಿದ್ದ ಕರಿಬೇವು ತೆಗೆದು ಪುಡಿ ಕುಟ್ಟಿದೆ. ಮರುದಿನ ಊಟದ ಹೊತ್ತಿಗೆ ರೊಟ್ಟಿಯ ಜೊತೆ ಅವಳ ಮುಂದಿಟ್ಟು, “ನಮ್ಮತ್ತಿ ಕಳಿಸ್ಯಾಳ, ಭಾಳ ತಡಾ ಆತು” ಅಂದೆ. ಎಲ್ಲವನ್ನೂ ಹೇಳಿದೆ. ಅವಳು ನಗುತ್ತಾ ತಿಂದಳು, ಕಣ್ಣಲ್ಲಿ ನೀರು ಬಂತು.

“ತುಂಬಾ ಚೆನ್ನಾಗಿದೆ ಮೇಡಂ. ಖಾರ ಸ್ವಲ್ಪ ಜಾಸ್ತಿ. ಹೇಗೆ ಮಾಡೋದು ಇದನ್ನ?”

ಅತ್ತೆ, ಹೇಳಿಬಿಟ್ಟೆ. ಬೆಳ್ಳುಳ್ಳಿ, ಕೆಂಡ, ಕರಿಬೇವು, ಪುಟಾಣಿ, ಒಂದೂ ಬಿಡದೆ. ಅಷ್ಟು ಕೊಟ್ಟವರ ಮುಂದೆ “ಶೇಂಗಾ, ಖಾರ, ಉಪ್ಪು” ಎಂದು ಸಾಗಹಾಕಲು ನನ್ನಿಂದ ಆಗಲಿಲ್ಲ. ಇದು ಎರಡನೇ ತಪ್ಪು. ಇದಕ್ಕೆ ನಾನು ಕ್ಷಮೆ ಕೇಳುವವಳಲ್ಲ. ಮೊದಲನೆಯದಕ್ಕೆ ಮಾತ್ರ ಕೇಳುತ್ತೇನೆ.

ನಿನ್ನೆ ಅವಳ ಮೇಲ್ ಬಂದಿದೆ. ಅವಳ ಅಮ್ಮ ಖಾರ ಅರ್ಧ ಮಾಡಿ, ಒಣಕೊಬ್ಬರಿ ಸೇರಿಸಿ ಕುಟ್ಟಿದರಂತೆ. (ಕೊಬ್ಬರಿ! ಮೂಗು ಮುರಿಯಬೇಡ.) ಅವಳು ಮಾಡುವ ಬಗೆಯನ್ನು ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಬರೆದು ಕಳಿಸಿದ್ದಾಳೆ. ತಲೆಬರಹದಲ್ಲಿ ನಿನ್ನ ಹೆಸರೇ ಇದೆ, “ಗೌರಮ್ಮನ ಪುಡಿ” ಎಂದು. ಇಬ್ಬರು ಆಗಲೇ ಮಾಡಿ ತಿಂದಿದ್ದಾರೆ. ಪುಣೆಯಲ್ಲಿರುವ ಒಬ್ಬರು ಕೆಳಗೆ ಒಂದು ಸಾಲು ಸೇರಿಸಿದ್ದಾರೆ: “ಗೌರಮ್ಮನವರಿಗೆ ನಮಸ್ಕಾರ ತಿಳಿಸಿ. ಅವರು ಹೇಗಿದ್ದಾರೆ?”

ಅವರಿಗೆ ಇನ್ನೂ ಉತ್ತರ ಬರೆದಿಲ್ಲ. ಮೊದಲು ನಿನಗೆ ನಮಸ್ಕಾರ ಮುಟ್ಟಿಸೋಣ ಅನ್ನಿಸಿತು.

ನಿನ್ನ ಸೊಸೆ,
ಶಾರದಾ