ಫರಸಿ ಎತ್ತಿದ ಅಂಗಳ

ಶಹಾಬಾದ
೨೬ ಮೇ ೨೦೨೪

ಸುನಿತಾಳ ಅಪ್ಪನವರಿಗೆ ನಮಸ್ಕಾರ.

ಹಾಗೆ ಕರೆದದ್ದಕ್ಕೆ ಸಿಟ್ಟು ಬಂದರೆ ಬರಲಿ. ಇಪ್ಪತ್ತೆರಡು ವರ್ಷ ಹೀಗೇ ಕರೆದಿದ್ದೇನೆ. ಗಂಡನ ಹೆಸರು ಹಿಡಿಯುವ ರೂಢಿ ನನಗಿಲ್ಲ, ಮಗಳ ಹೆಸರು ಬಿಟ್ಟರೆ ನಿಮ್ಮನ್ನು ಕರೆಯಲು ಬೇರೆ ದಾರಿಯೂ ಇಲ್ಲ. ಫೋನು ಮಾಡಿದರೆ ಕಟ್ ಮಾಡುತ್ತೀರಿ. ಅದಕ್ಕೇ ಕಾಗದ ಬರೆದು, ದಿನಾ ವಾಡಿಗೆ ಹೋಗಿಬರುವ ಪಕ್ಕದ ಮನೆಯ ಮೌಲಾಲಿಯ ಕೈಗೆ ಕೊಟ್ಟಿದ್ದೇನೆ. ಜೊತೆಗೊಂದು ಚೀಲವಿದೆ. ಅದರಲ್ಲಿ ಪುಂಡಿಪಲ್ಯದ ಸೊಪ್ಪು, ಚವಳಿಕಾಯಿ, ಹೀರೇಕಾಯಿ ಇವೆ. ನಿಮ್ಮಣ್ಣನ ಮನೆಯವರೆಲ್ಲ ಉಣ್ಣಲಿ. ಬಜಾರಿನವಲ್ಲ, ನಮ್ಮ ಅಂಗಳದವು.

ಅಂಗಳದಲ್ಲಿ ಮಣ್ಣೆಲ್ಲಿಂದ ಬಂತು ಎನ್ನುತ್ತೀರಿ. ಕೂತುಕೊಂಡು ಓದಿರಿ. ನೀವು ಹಾಸಿದ ಫರಸಿ ಕಲ್ಲಷ್ಟನ್ನೂ ಕಿತ್ತಾಗಿದೆ.

ಸಂಕ್ರಾಂತಿಯ ಮರುದಿನ, ಸುನಿತಾ ಬಸುರಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದೆ. ಬೇರೆ ಜಾತಿಯವನನ್ನು ಮದುವೆಯಾದಳೆಂದು ವರ್ಷದಿಂದ ಅವಳ ಸುದ್ದಿಯನ್ನೇ ಎತ್ತದ ನೀವು ಅಂಗಳದ ನಡುವೆ ನಿಂತು, "ನಾ ಹಾಸಿದ ಫರಸಿ ಮ್ಯಾಲ ಆಕಿ ಕಾಲಿಟ್ಟ ದಿನ ನಾ ಸತ್ತಂಗ ತಿಳಿ" ಎಂದು ಆಣೆ ಮಾಡಿ ವಾಡಿಗೆ, ಅಣ್ಣನ ಮನೆಗೆ ಹೊರಟುಬಿಟ್ಟಿರಿ. ಇಡೀ ಓಣಿ ಕೇಳಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಮಗಳನ್ನು ಕರೆತಂದರೆ ಗಂಡನ ಆಣೆ ಮುರಿದ ಪಾಪ, ಬಿಟ್ಟರೆ ಹೆತ್ತ ಮಗಳನ್ನು ಕೈಬಿಟ್ಟ ಪಾಪ. ಎರಡು ತಿಂಗಳು ಹೀಗೇ ಕಳೆದೆ.

ಶಿವರಾತ್ರಿಯ ಮರುದಿನ ಸಿಟ್ಟು ತಡೆಯದೆ ಹಾರೆ ತೆಗೆದುಕೊಂಡು ಬೀದಿ ಬಾಗಿಲ ಬಳಿಯ ಮೊದಲ ಕಲ್ಲಿಗೆ ಹಾಕಿದೆ. ಅದು ಎರಡು ಹೋಳಾಯಿತು. ಕೆಳಗಿನ ಮಣ್ಣು ಹದಿನೆಂಟು ವರ್ಷ ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು. ಆಗ ತಲೆಗೆ ಹೊಳೆಯಿತು: ನಿಮ್ಮ ಆಣೆ ಇರುವುದು ಫರಸಿಗೆ, ಮಣ್ಣಿಗಲ್ಲ. ಒಳಮನೆಯ ನೆಲ ಮಾವನವರು ಹಾಸಿದ್ದು, ಅದಕ್ಕೂ ಆಣೆ ತಗಲುವುದಿಲ್ಲ. ಚಿತ್ತಾಪುರದ ಕೋರ್ಟಿಗೆ ಹೋದರೂ ಗೆಲ್ಲುವುದು ನಾನೇ.

ಕಲ್ಲೆಲ್ಲ ಎದ್ದ ಮೇಲೆ ಬೋಳು ನೆಲ ನೋಡಿ ನನಗೇ ಹೆದರಿಕೆಯಾಯಿತು. ಮೌಲಾಲಿಯ ಹೆಂಡತಿ ತಾಜುನ್ನಿಸಾ ಗೋಡೆಯಾಚೆಯಿಂದ ಇಣುಕಿ, "ಅಕ್ಕಾ, ಹುಚ್ಚ ಹಿಡದದ ಏನ್ರಿ ನಿಮಗ?" ಎಂದಳು. ಸಂಜೆ ತಾನೇ ಎರಡು ಚೀಲ ಆಡಿನ ಹಿಕ್ಕೆ ಹೊತ್ತು ತಂದಳು. ಕರಿಮಣ್ಣು ತರಿಸಿ ಹರವಿದೆ, ಮಡಿ ಕಟ್ಟಿದೆ, ಬೀಜ ಊರಿದೆ. ನಳದ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಈ ಬಿಸಿಲಂತೂ ನಿಮಗೆ ಗೊತ್ತೇ ಇದೆ. ಸ್ನಾನದ ನೀರು, ಅಕ್ಕಿ ತೊಳೆದ ನೀರು, ಒಂದು ಹನಿಯನ್ನೂ ಚೆಲ್ಲಲಿಲ್ಲ. ಬೆಂಡೆ ಎರಡು ಸಲ ಸುಟ್ಟು ಹೋಯಿತು. ಮೂರನೇ ಸಲ ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಬಂತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಶುರು ಮಾಡಿದ್ದು ನಿಮ್ಮ ಮೇಲಿನ ಹಟಕ್ಕೆ. ಆದರೆ ಬೆಳಿಗ್ಗೆ ಎದ್ದು ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದರೆ ಓಣಿಯವರ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಮೊದಲ ಹೀರೇಕಾಯಿ ಹರಿದ ದಿನ ಒಬ್ಬಳೇ ಕೂತು ನಕ್ಕೆ. ಇಷ್ಟು ಸಮಾಧಾನ ನನಗೆ ಈ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ನೀವಿಲ್ಲದ್ದಕ್ಕೆ ಸಿಕ್ಕಿತೆಂದು ತಿಳಿಯಬೇಡಿ. ಪುಂಡಿಪಲ್ಯ ಮಾಡಿದಾಗಲೆಲ್ಲ ನಿಮ್ಮ ನೆನಪಾಗಿ ಕಣ್ಣು ತುಂಬಿ ಬರುತ್ತದೆ.

ಸುನಿತಾಳಿಗೆ ಈಗ ಏಳು ತಿಂಗಳು. ಬರುವ ಶುಕ್ರವಾರ ಚಿಂಚೋಳಿಗೆ ಹೋಗಿ ಕರೆತರುತ್ತೇನೆ. ಬಾಣಂತಿಗೆ ಬೇಕಾಗುತ್ತದೆಂದು ಸಬ್ಬಸಗಿಗೆ ಒಂದು ಮಡಿ ಖಾಲಿ ಬಿಟ್ಟಿದ್ದೇನೆ, ಮಳೆ ಬಿದ್ದ ಕೂಡಲೇ ಬಿತ್ತುತ್ತೇನೆ. ಇದಕ್ಕೆ ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿಮ್ಮ ಆಣೆಗೂ ನಿಮ್ಮ ಜೀವಕ್ಕೂ ಏನೂ ಆಗದಂತೆ ನೋಡಿಕೊಂಡಿದ್ದೇನೆ. ಬರುವುದು, ಬಿಡುವುದು ನಿಮಗೆ ಬಿಟ್ಟದ್ದು.

ಇಂತಿ,
ಸುನಿತಾಳ ಅವ್ವ
ಚಂದ್ರಕಲಾ

ತಾ.ಕ.: ಒಂದು ಸಂಗತಿ ಮುಚ್ಚಿಟ್ಟಿದ್ದೆ, ಮನಸ್ಸು ತಡೆಯುತ್ತಿಲ್ಲ. ಆ ಕಲ್ಲುಗಳು ಒಬ್ಬ ಹೆಂಗಸು ಎತ್ತುವಂಥವಲ್ಲವೆಂದು ಹಾಸಿದ ನಿಮಗೆ ಗೊತ್ತು. ಎತ್ತಿದವನು ನಿಮ್ಮ ಅಳಿಯ ಚೌಡೇಶ. ನಾಲ್ಕು ಭಾನುವಾರ ಚಿಂಚೋಳಿಯಿಂದ ಮೊದಲ ಬಸ್ಸಿಗೆ ಬಂದ. "ಅತ್ತೀ, ನೀವು ಬಾಜೂಕ ಸರೀರಿ, ಮಾವನೋರು ಕೂಡಿಸಿದ ಕಲ್ಲ ಇವು, ಮೂಲಿ ಮುಕ್ಕಾಗಬಾರದು" ಎಂದು ಒಂದೊಂದರ ನಡುವೆ ಗೋಣಿಚೀಲ ಇಟ್ಟು ಗೋಡೆಗೆ ಒರಗಿಸಿದ. ನಾನು ಒಡೆದ ಆ ಒಂದನ್ನು ಬಿಟ್ಟರೆ ಎಲ್ಲವೂ ನೆಟ್ಟಗಿವೆ. ಒಡೆದ ಕಲ್ಲಿನ ಜಾಗದಲ್ಲೇ ನಿಂತು ಶುರು ಮಾಡಿ, ಎತ್ತಿದಷ್ಟು ನೆಲದ ಮೇಲಷ್ಟೇ ಮುಂದೆ ಸರಿಯುತ್ತ ಹೋದ. ಆಣೆ ಇದ್ದದ್ದು ಸುನಿತಾಳಿಗೆ, ನಿನಗಲ್ಲಪ್ಪ ಎಂದು ಎಷ್ಟು ಹೇಳಿದರೂ, ನಿಮ್ಮ ಫರಸಿಯ ಮೇಲೆ ಅವನು ಒಂದು ಸಲವೂ ಕಾಲಿಡಲಿಲ್ಲ.